ಸಣ್ಣ ಟ್ರಕ್ಕಿಗೆ ಟರ್ಬೊ: ಏರಿನ ಎಳೆತಕ್ಕೆ ಯಾವುದು, ಹೈವೇ ಓಟಕ್ಕೆ ಯಾವುದು

ಟರ್ಬೊ ಅಂದರೆ ಒಂದು ತುದಿಯ ಟರ್ಬೈನ್ ಚಕ್ರ ಎಕ್ಸಾಸ್ಟ್ ಹೊಗೆಯಿಂದ ತಿರುಗಿ, ಇನ್ನೊಂದು ತುದಿಯ ಕಂಪ್ರೆಸರ್ ಚಕ್ರ ಎಂಜಿನ್‌ಗೆ ಗಾಳಿಯನ್ನು ಒತ್ತಿ ಕಳಿಸುವ ಸಾಧನ. ಸಣ್ಣ ಟ್ರಕ್ಕಿನ ಡೀಸೆಲ್ ಎಂಜಿನ್‌ಗೆ ಅದನ್ನು ಕೂರಿಸಲು ಹೊರಟಾಗ ಮೊದಲು ತೀರ್ಮಾನವಾಗಬೇಕಾದದ್ದು ಟರ್ಬೊದ ಅಳತೆ. ಎಂಜಿನ್ ಅದೇ, ಬೂಸ್ಟ್ (ಟರ್ಬೊ ಒತ್ತಿದ ಗಾಳಿಯ ಹೆಚ್ಚುವರಿ ಒತ್ತಡ) ಅದೇ, ಡೀಸೆಲ್ ಪಂಪ್ ಅದೇ ಇದ್ದರೂ ಟರ್ಬೊ ಮಾತ್ರ ಬದಲಾದರೆ ಗಾಡಿಯ ನಡಿಗೆಯೇ ಬೇರೆಯಾಗುತ್ತದೆ. ಒಂದು 1400 ಆರ್‌ಪಿಎಂನಲ್ಲೇ ಲೋಡ್ ಎಳೆದುಕೊಂಡು ಏರು ಹತ್ತುತ್ತದೆ. ಇನ್ನೊಂದು 2500 ದಾಟುವವರೆಗೆ ಸುಮ್ಮನಿದ್ದು, ಆಮೇಲೆ ಓಡುತ್ತದೆ. ಎರಡನ್ನೂ ಮಾರುವವರು ಹೇಳುವುದು ಗರಿಷ್ಠ ಹಾರ್ಸ್‌ಪವರ್ ಒಂದನ್ನೇ. ಲೋಡ್ ಗಾಡಿಗೆ ಆ ಒಂದು ಅಂಕಿಯಿಂದ ಏನೂ ತಿಳಿಯುವುದಿಲ್ಲ.

ಹೋಲಿಕೆಗೆ ಒಂದು ಎಂಜಿನ್ ಹಿಡಿದುಕೊಳ್ಳೋಣ: 2.5 ಲೀಟರ್, ನಾಲ್ಕು ಸಿಲಿಂಡರ್, ಟರ್ಬೊ ಇಲ್ಲದ ಡೈರೆಕ್ಟ್ ಇಂಜೆಕ್ಷನ್ ಡೀಸೆಲ್, ಎಲೆಕ್ಟ್ರಾನಿಕ್ಸ್ ಇಲ್ಲದ ಮೆಕ್ಯಾನಿಕಲ್ ಪಂಪ್. 1800 ಆರ್‌ಪಿಎಂನಲ್ಲಿ 150 ಎನ್‌ಎಂ (ನ್ಯೂಟನ್ ಮೀಟರ್) ಟಾರ್ಕ್, 3200ರಲ್ಲಿ 55 ಪಿಎಸ್ (ಮೆಟ್ರಿಕ್ ಹಾರ್ಸ್‌ಪವರ್) ಪವರ್. ಲೋಡ್ ಸೇರಿ ಗಾಡಿಯ ಒಟ್ಟು ತೂಕ 2800 ಕಿಲೊ. ಹಳೆಯ ಪಿಕ್‌ಅಪ್‌ಗಳಲ್ಲಿ, ಸಣ್ಣ ಲಾರಿಗಳಲ್ಲಿ ಸಿಗುವ ಎಂಜಿನ್‌ಗಳು ಹೆಚ್ಚುಕಡಿಮೆ ಇದೇ ವರ್ಗದವು. ಕೆಳಗಿನ ಅಂಕಿಗಳು ಈ ಎಂಜಿನ್‌ಗೆ ಮಾಡಿದ ಲೆಕ್ಕ. ನಿಮ್ಮ ಎಂಜಿನ್‌ನ ಅಂಕಿ ಹಾಕಿ ಅದೇ ಲೆಕ್ಕವನ್ನು ನೀವೂ ಮಾಡಿಕೊಳ್ಳಬಹುದು.

ಪವರ್, ಟಾರ್ಕ್ ಮತ್ತು ಆರ್‌ಪಿಎಂ

ಟಾರ್ಕ್ ಅಂದರೆ ಕ್ರ್ಯಾಂಕ್ ತಿರುಗಿಸುವ ಬಲ. ಅದೇ ಬಲ ನಿಮಿಷಕ್ಕೆ ಎಷ್ಟು ಸುತ್ತು ನಡೆಯುತ್ತದೆ ಎಂಬುದು ಸೇರಿದಾಗ ಪವರ್ ಆಗುತ್ತದೆ. ಟಾರ್ಕನ್ನು ಎನ್‌ಎಂನಲ್ಲಿ ತೆಗೆದುಕೊಂಡು ಆರ್‌ಪಿಎಂನಿಂದ ಗುಣಿಸಿ 7023ರಿಂದ ಭಾಗಿಸಿದರೆ ಪಿಎಸ್ ಸಿಗುತ್ತದೆ. ನಮ್ಮ ಎಂಜಿನ್ 1800ರಲ್ಲಿ ಕೊಡುವುದು ಸುಮಾರು 38 ಪಿಎಸ್. 3200ರಲ್ಲಿ 55 ಪಿಎಸ್ ಇದ್ದರೂ ಅಲ್ಲಿ ಟಾರ್ಕ್ 121 ಎನ್‌ಎಂಗೆ ಇಳಿದಿರುತ್ತದೆ.

ಪವರ್ ಏರಿಸಲು ದಾರಿ ಎರಡೇ: ಇರುವ ಆರ್‌ಪಿಎಂನಲ್ಲಿ ಟಾರ್ಕ್ ಏರಿಸುವುದು, ಇಲ್ಲವೇ ಇರುವ ಟಾರ್ಕನ್ನು ಮೇಲಿನ ಆರ್‌ಪಿಎಂವರೆಗೆ ಕುಗ್ಗದಂತೆ ಹಿಡಿಯುವುದು. ಸಣ್ಣ ಟರ್ಬೊ ಮೊದಲನೆಯದನ್ನು ಮಾಡುತ್ತದೆ, ದೊಡ್ಡದು ಎರಡನೆಯದನ್ನು. ಗವರ್ನರ್ ಸ್ಕ್ರೂ ಬಿಚ್ಚಿ 3200ರ ಮಿತಿಯನ್ನು 3800ಕ್ಕೆ ಏರಿಸುವ ಮೂರನೆಯ ದಾರಿಯೊಂದನ್ನು ಕೆಲವರು ಹಿಡಿಯುತ್ತಾರೆ. ಪಿಸ್ಟನ್, ಕನೆಕ್ಟಿಂಗ್ ರಾಡ್ ಮೇಲೆ ಬೀಳುವ ಜಗ್ಗುಬಲ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಆರ್‌ಪಿಎಂ ಶೇ. 19 ಏರಿದರೆ ಆ ಬಲ ಶೇ. 41 ಏರುತ್ತದೆ. ವಾಲ್ವ್ ಸ್ಪ್ರಿಂಗ್ ಅಷ್ಟು ವೇಗಕ್ಕೆ ತಾಳುವುದಿಲ್ಲ. ಲೋಡ್ ಗಾಡಿಯಲ್ಲಿ ಆ ಸ್ಕ್ರೂ ಮುಟ್ಟಲೇಬೇಡಿ.

ತಯಾರಕರೇ ಈ ಸಮತೋಲ ಹೇಗೆ ಮಾಡಿದರು ಎಂಬುದಕ್ಕೆ ಟೊಯೊಟಾದ 22ಆರ್-ಟಿಇ ಪೆಟ್ರೋಲ್ ಎಂಜಿನ್ ಒಳ್ಳೆಯ ಉದಾಹರಣೆ. 1980ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ ಮಾರಾಟವಾದ ಸಣ್ಣ ಪಿಕ್‌ಅಪ್‌ಗೆ ಬಂದ 2.4 ಲೀಟರ್ ಎಂಜಿನ್ ಅದು. ಟರ್ಬೊ ಇಲ್ಲದ 22ಆರ್-ಇ 116 ಹಾರ್ಸ್‌ಪವರ್, ಸುಮಾರು 190 ಎನ್‌ಎಂ ಕೊಡುತ್ತಿತ್ತು. ಟರ್ಬೊ ಸೇರಿದ ಮೇಲೆ 135 ಹಾರ್ಸ್‌ಪವರ್, 234 ಎನ್‌ಎಂ. ಪವರ್ ಏರಿದ್ದು ಶೇ. 16, ಟಾರ್ಕ್ ಏರಿದ್ದು ಶೇ. 23. ಗರಿಷ್ಠ ಟಾರ್ಕ್ ಸಿಗುವ ಜಾಗ ಟರ್ಬೊ ಬಂದರೂ 2800 ಆರ್‌ಪಿಎಂನಲ್ಲೇ ಉಳಿಯಿತು. ಅಷ್ಟಕ್ಕೇ ಅವರು ಕಂಪ್ರೆಷನ್ ಅನುಪಾತವನ್ನು 9ಕ್ಕೂ ಮೇಲಿನಿಂದ 7.5ಕ್ಕೆ ಇಳಿಸಬೇಕಾಯಿತು. ದೊಡ್ಡ ಕಾರ್ಖಾನೆಯೇ ಇಷ್ಟು ಮಿತವಾಗಿ ಏರಿಸಿರುವಾಗ, ಹಳೆಯ ಎಂಜಿನ್ ಇಟ್ಟುಕೊಂಡು ಪವರನ್ನು ಇಮ್ಮಡಿ ಮಾಡುವ ಆಸೆ ಬೇಡ.

ಗಾಡಿಗೆ ಬೇಕಾದದ್ದು ಎಷ್ಟು

ಟರ್ಬೊ ಆರಿಸುವ ಮೊದಲು ಅದರಿಂದ ಆಗಬೇಕಾದ ಕೆಲಸವನ್ನು ಲೆಕ್ಕ ಹಾಕಿ. 2800 ಕಿಲೊ ಗಾಡಿ ಶೇ. 8ರ ಏರಿನಲ್ಲಿ ಗಂಟೆಗೆ 40 ಕಿಲೊಮೀಟರಿನಲ್ಲಿ ಹತ್ತಬೇಕು ಅನ್ನೋಣ. ಇಳಿಜಾರಿನ ಎದುರು ಸುಮಾರು 2200 ನ್ಯೂಟನ್, ಟೈರುಗಳ ಉರುಳು ತಡೆಗೆ 330, ಗಾಳಿಗೆ 130, ಒಟ್ಟು 2660 ನ್ಯೂಟನ್ ಬಲ ಚಕ್ರದಲ್ಲಿ ಬೇಕು. ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್‌ನಲ್ಲಿ ಶೇ. 12 ಸೋರಿಕೆ ಹಿಡಿದರೆ ಎಂಜಿನ್ ಕೊಡಬೇಕಾದ್ದು ಸುಮಾರು 46 ಪಿಎಸ್.

ಈ 46 ಪಿಎಸ್‌ಗೆ 2400 ಆರ್‌ಪಿಎಂನಲ್ಲಿ 134 ಎನ್‌ಎಂ ಸಾಕು. 1800ರಲ್ಲಿ 178 ಬೇಕು. 1600ರಲ್ಲಿ 200 ಬೇಕು. ಟರ್ಬೊ ಇಲ್ಲದ ನಮ್ಮ ಎಂಜಿನ್ 2400ರಲ್ಲಿ ಸುಮಾರು 140 ಕೊಡುತ್ತದೆ, ಅಂದರೆ ಗೇರ್ ಇಳಿಸಿ ಎಂಜಿನ್ ಕೂಗಿಸಿದರೆ ಹೇಗೋ ಹತ್ತುತ್ತದೆ. ಅದೂ ಸಮುದ್ರಮಟ್ಟದ ಗಾಳಿಯಲ್ಲಿ. ಬೆಂಗಳೂರಿನಂತೆ 900 ಮೀಟರ್ ಆಸುಪಾಸಿನ ಎತ್ತರದಲ್ಲಿ ಗಾಳಿ ಸುಮಾರು ಶೇ. 9 ತೆಳು. 140 ಎನ್‌ಎಂ ಅಲ್ಲಿ 127ರ ಹತ್ತಿರ ಬರುತ್ತದೆ, ಬೇಕಾದ 134 ಸಿಗುವುದಿಲ್ಲ, ಇನ್ನೊಂದು ಗೇರ್ ಇಳಿಯಲೇಬೇಕು. ಮಂಗಳೂರಿನಿಂದ ಲೋಡ್ ಹೊತ್ತು ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಹತ್ತುವ ಹಳೆಯ ಗಾಡಿ ಮೇಲೆ ಹೋದಂತೆಲ್ಲ ಇನ್ನಷ್ಟು ಸೋಲುವುದು ಇದರಿಂದಲೇ. ಟರ್ಬೊ ಇದ್ದರೆ ಈ ನಷ್ಟದ ಬಹುಪಾಲು ತುಂಬಿಬರುತ್ತದೆ, ಏಕೆಂದರೆ ತೆಳು ಗಾಳಿಯನ್ನೇ ಅದು ಒತ್ತಿ ಒಳಗೆ ಕಳಿಸುತ್ತದೆ.

ನಮ್ಮ ಗುರಿ ಹೀಗಿರಲಿ: 1800ರಿಂದ 2400ರವರೆಗೆ 210 ಎನ್‌ಎಂ, ಅಲ್ಲಿಂದ ಮೆಲ್ಲಗೆ ಇಳಿತ. 1800ರಲ್ಲಿ ಬೇಕಾದ 178ರ ಮೇಲೆ 32 ಎನ್‌ಎಂ ಉಳಿಕೆ ಇದ್ದರೆ ತಿರುವಿನಲ್ಲಿ ನಿಧಾನವಾದರೂ ಅದೇ ಗೇರಿನಲ್ಲಿ ಮತ್ತೆ ವೇಗ ಹಿಡಿಯುತ್ತದೆ.

ನಾಲ್ಕು ಟರ್ಬೊಗಳು

ಗ್ಯಾರೆಟ್ ಕಂಪನಿಯ ಹಳೆಯ ಜಿಟಿ ಸಾಲಿನ ಹೆಸರುಗಳಲ್ಲಿ ಮೊದಲ ಎರಡು ಅಂಕಿ ಫ್ರೇಮಿನ ಗಾತ್ರ, ಕೊನೆಯ ಎರಡು ಅಂಕಿ ಕಂಪ್ರೆಸರ್ ಚಕ್ರದ ಹೊರಬದಿಯ ವ್ಯಾಸ, ಮಿಲಿಮೀಟರಿನಲ್ಲಿ. ಜಿಟಿ1544ರಲ್ಲಿ 44 ಮಿ.ಮೀ., ಜಿಟಿ1749ರಲ್ಲಿ 49, ಜಿಟಿ2056ರಲ್ಲಿ 56. ಬೇರೆ ಕಂಪನಿಯ ಟರ್ಬೊ ಕೈಗೆ ಬಂದರೂ ಚಕ್ರ ಅಳೆದು ಈ ಮೂರರಲ್ಲಿ ಯಾವ ವರ್ಗಕ್ಕೆ ಸೇರುತ್ತದೆ ನೋಡಿ.

ಎಂಜಿನ್‌ಗೆ ಬೇಕಾದ ಗಾಳಿ: 3200 ಆರ್‌ಪಿಎಂನಲ್ಲಿ ಟರ್ಬೊ ಇಲ್ಲದೆ ಒಳಹೋಗುವುದು ನಿಮಿಷಕ್ಕೆ ಸುಮಾರು 3.9 ಕಿಲೊ. 0.7 ಬಾರ್ ಬೂಸ್ಟ್ ಮತ್ತು ಇಂಟರ್‌ಕೂಲರ್ (ಒತ್ತಿದ ಬಿಸಿ ಗಾಳಿಯನ್ನು ತಣಿಸುವ ಕೂಲರ್) ಸೇರಿದರೆ 6 ಕಿಲೊ. 1600ರಲ್ಲಿ ಇದರ ಅರ್ಧ, 3 ಕಿಲೊ. ಕಂಪ್ರೆಸರ್ ಮ್ಯಾಪ್‌ಗಳು (ಯಾವ ಬೂಸ್ಟಿನಲ್ಲಿ ಎಷ್ಟು ಗಾಳಿ ಕೊಡಬಲ್ಲದು ಎಂದು ತೋರಿಸುವ ನಕ್ಷೆಗಳು) ಪೌಂಡ್ ಲೆಕ್ಕದಲ್ಲಿದ್ದರೆ ಇವು 13.2 ಮತ್ತು 6.6 ಪೌಂಡ್. ಎರಡೂ ಬಿಂದುಗಳು ಮ್ಯಾಪಿನ ಒಳಗೆ, ಎಡಬದಿಯ ಸರ್ಜ್ ಗೆರೆಯಿಂದ ದೂರ ಬೀಳಬೇಕು. ಸರ್ಜ್ ಅಂದರೆ ಹರಿವು ಸಾಲದೆ ಒತ್ತಿದ ಗಾಳಿ ಕಂಪ್ರೆಸರಿನಿಂದ ಹಿಂದಕ್ಕೆ ನುಗ್ಗುವುದು.

| ಟರ್ಬೊ | 1400ರಲ್ಲಿ | ಗರಿಷ್ಠ ಟಾರ್ಕ್ | 3200ರಲ್ಲಿ |
|---|---|---|---|
| ಚಿಕ್ಕದು, 44 ಮಿ.ಮೀ. | 210 ಎನ್‌ಎಂ | 210, 1400–2000 | 130 ಎನ್‌ಎಂ, 59 ಪಿಎಸ್ |
| ನಡುವಿನದು, 49 ಮಿ.ಮೀ. | 165 | 210, 1800–2400 | 165, 75 ಪಿಎಸ್ |
| ದೊಡ್ಡದು, 56 ಮಿ.ಮೀ. | 140 | 215, 2600 | 195, 89 ಪಿಎಸ್ |
| ವಿಜಿಟಿ (ತೆರೆದು ಮುಚ್ಚುವ ರೆಕ್ಕೆಗಳ ಟರ್ಬೊ), 49 ಮಿ.ಮೀ. | 195 | 210, 1500–2400 | 165, 75 ಪಿಎಸ್ |

ಇವು ಅಂದಾಜು. ಟರ್ಬೈನ್ ಹೌಸಿಂಗ್, ಎಕ್ಸಾಸ್ಟ್ ಪೈಪಿನ ಅಳತೆ ಬದಲಾದರೆ ಅಂಕಿ ಅತ್ತಿತ್ತ ಸರಿಯುತ್ತದೆ. ಸಾಲಿನ ಸ್ವರೂಪ ಮಾತ್ರ ಹೀಗೇ ಇರುತ್ತದೆ.

ಚಿಕ್ಕ ಟರ್ಬೊ ಊರೊಳಗೆ ನಿಂತು ಹೊರಡುವ ಗಾಡಿಗೆ, ತೋಟದ ರಸ್ತೆಗೆ, ಸಂತೆಗೆ ತರಕಾರಿ ಹೊರುವ ಗಾಡಿಗೆ ಸರಿ. ಕ್ಲಚ್ ಬಿಟ್ಟ ಕೂಡಲೇ ಎಳೆತ ಸಿಗುತ್ತದೆ. ತೊಂದರೆ ಇರುವುದು ಮೇಲಿನ ತುದಿಯಲ್ಲಿ. 2500 ದಾಟಿದ ಮೇಲೆ ಅಷ್ಟೊಂದು ಹೊಗೆ ಆ ಕಿರಿದಾದ ಟರ್ಬೈನಿನಿಂದ ಹೊರಹೋಗಲು ಒದ್ದಾಡುತ್ತದೆ, ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಒತ್ತಡ ಬೂಸ್ಟಿನ ಎರಡು ಪಟ್ಟಾದರೂ ಆಗಬಹುದು. ಆಗ ಪಿಸ್ಟನ್ ಹೊಗೆಯನ್ನು ತಳ್ಳಲೇ ಪವರ್ ಖರ್ಚು ಮಾಡುತ್ತದೆ, ಬಿಸಿ ಏರುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ. ಹೈವೇಯಲ್ಲಿ ಗಂಟೆಗಟ್ಟಲೆ 2800ರಲ್ಲಿ ಓಡಿಸುವವರು ಇದನ್ನು ಹಾಕಬಾರದು. ಹಾಕುವುದಾದರೆ ವೇಸ್ಟ್‌ಗೇಟ್ (ಬೂಸ್ಟ್ ಮಿತಿ ತಲುಪಿದಾಗ ಹೆಚ್ಚಿನ ಹೊಗೆಯನ್ನು ಟರ್ಬೈನಿಗೆ ಬಿಡದೆ ಪಕ್ಕಕ್ಕೆ ಕಳಿಸುವ ಬಾಗಿಲು) ರಂಧ್ರ ದೊಡ್ಡದಿರುವ ಮಾದರಿಯನ್ನೇ ಹುಡುಕಿ. ರಂಧ್ರ ಚಿಕ್ಕದಾದರೆ ಗೇಟ್ ಪೂರ್ತಿ ತೆರೆದರೂ ಬೂಸ್ಟ್ 0.7ರಲ್ಲಿ ನಿಲ್ಲದೆ 1 ಬಾರ್‌ಗೆ ತೆವಳುತ್ತದೆ.

ದೊಡ್ಡ ಟರ್ಬೊದ 89 ಪಿಎಸ್ ಕಾಗದದ ಮೇಲೆ ಕಣ್ಣು ಸೆಳೆಯುತ್ತದೆ. ಆದರೆ ಏರಿನ ಲೆಕ್ಕಕ್ಕೆ ಹಿಂದಿರುಗಿ ನೋಡಿ: 1800ರಲ್ಲಿ ಅದು ಕೊಡುವುದು 150ರ ಆಸುಪಾಸು, ಬೇಕಾದದ್ದು 178. ಗೇರ್ ಇಳಿಸಿ 2400ರ ಮೇಲೆ ಇಡಲೇಬೇಕು. ಟರ್ಬೊ ಇಲ್ಲದಿದ್ದಾಗಲೂ ಅದನ್ನೇ ಮಾಡುತ್ತಿದ್ದೆವು. 1400ರಲ್ಲಂತೂ ಮೊದಲಿಗಿಂತ ಕಡಿಮೆ ಎಳೆತ, ಏಕೆಂದರೆ ನಿಧಾನವಾಗಿ ತಿರುಗುವ ಟರ್ಬೈನ್ ಹೊಗೆಯ ದಾರಿಗೆ ಅಡ್ಡ ಕೂತಿರುತ್ತದೆ. 1600ರಲ್ಲಿ ಹೇಗಾದರೂ ಬೂಸ್ಟ್ ಕಟ್ಟಿಸಿದರೆ ಆ 3 ಕಿಲೊ ಗಾಳಿ ಸರ್ಜ್ ಗೆರೆಯ ಪಕ್ಕ ಬೀಳುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಏರ್ ಫಿಲ್ಟರ್ ಕಡೆಯಿಂದ ಪಟಪಟ ಬಡಿತ ಕೇಳಿದರೆ ಅದು ಸರ್ಜ್. ಹಾಗೇ ಓಡಿಸಿದರೆ ಥ್ರಸ್ಟ್ ಬೇರಿಂಗ್ ಸವೆದು, ಶಾಫ್ಟ್ ಹಿಂದೆಮುಂದೆ ಆಡಿ, ಚಕ್ರ ಹೌಸಿಂಗಿಗೆ ತಗುಲುತ್ತದೆ. ಹಗುರ ಲೋಡಿನಲ್ಲಿ ಬಯಲು ರಸ್ತೆ ಓಡುವ ಗಾಡಿಗೆ, ಅದರಲ್ಲೂ ಐದು ಗೇರಿನ ಹತ್ತಿರ ಹತ್ತಿರದ ಅನುಪಾತ ಇದ್ದರೆ, ಮಾತ್ರ ಇದನ್ನು ಯೋಚಿಸಿ.

ಉಳಿದದ್ದು ನಡುವಿನದು ಮತ್ತು ವಿಜಿಟಿ, ಅಂದರೆ ಟರ್ಬೈನ್ ಸುತ್ತ ತೆರೆದು ಮುಚ್ಚುವ ರೆಕ್ಕೆಗಳಿರುವ ಟರ್ಬೊ. ಕೋಷ್ಟಕ ನೋಡಿದರೆ ವಿಜಿಟಿ ಗೆಲ್ಲುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ರೆಕ್ಕೆ ಮುಚ್ಚಿ ಚಿಕ್ಕ ಟರ್ಬೊದಂತೆ, ಮೇಲೆ ರೆಕ್ಕೆ ತೆರೆದು ನಡುವಿನದರಂತೆ ನಡೆಯುತ್ತದೆ. ಕಾರ್ಖಾನೆಯಿಂದ ಬರುವ ಕಾಮನ್ ರೈಲ್ ಗಾಡಿಗಳಲ್ಲಿ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಆ ರೆಕ್ಕೆಗಳನ್ನು ಕ್ಷಣಕ್ಷಣವೂ ಆಡಿಸುತ್ತದೆ. ನಮ್ಮ ಎಂಜಿನ್‌ನಲ್ಲಿ ಇಸಿಯು ಇಲ್ಲ. ಬೂಸ್ಟ್ ಒತ್ತಡದಿಂದಲೇ ರೆಕ್ಕೆ ತೆರೆಯುವಂತೆ ಆಕ್ಚುಯೇಟರ್ ಕಟ್ಟಬಹುದು, ಕೆಲಸವೂ ಮಾಡುತ್ತದೆ. ಆದರೆ ರೆಕ್ಕೆ ಒಂದೆರಡು ಮಿಲಿಮೀಟರ್ ಹೆಚ್ಚು ಮುಚ್ಚಿದ ಸ್ಥಿತಿಯಲ್ಲಿ ಸೆಟ್ ಆದರೆ ಮ್ಯಾನಿಫೋಲ್ಡ್ ಒತ್ತಡ ಏರಿ ಚಿಕ್ಕ ಟರ್ಬೊದ ಎಲ್ಲ ಕಾಯಿಲೆಗಳೂ ಬರುತ್ತವೆ. ಪಂಪಿನಲ್ಲಿ ಡೀಸೆಲ್ ಸ್ವಲ್ಪ ಹೆಚ್ಚಾಗಿ ಮಸಿ ಕಟ್ಟಿದರೆ ರೆಕ್ಕೆಗಳ ಉಂಗುರ ಅಂಟಿಕೊಳ್ಳುತ್ತದೆ. ಮುಚ್ಚಿದ ಸ್ಥಿತಿಯಲ್ಲಿ ಅಂಟಿದರೆ ಬೂಸ್ಟ್ ಮಿತಿ ಮೀರುತ್ತದೆ. ಸೆಕೆಂಡ್ ಹ್ಯಾಂಡ್ ವಿಜಿಟಿಗಳಲ್ಲಿ ಈ ಅಂಟು ಬಹಳ ಸಾಮಾನ್ಯ. ಮೆಕ್ಯಾನಿಕಲ್ ಪಂಪಿನ ಲೋಡ್ ಗಾಡಿಗೆ ನಾವು ಹೇಳುವುದು ನಡುವಿನ ಅಳತೆಯ, ವೇಸ್ಟ್‌ಗೇಟ್ ಇರುವ ಟರ್ಬೊವನ್ನೇ. 1400ರಲ್ಲಿ 30 ಎನ್‌ಎಂ ಬಿಟ್ಟುಕೊಡುತ್ತೇವೆ, ನಿಜ. ಆ 30 ಎನ್‌ಎಂ ಇಲ್ಲದಿದ್ದರೆ ಕ್ಲಚ್ಚಿಗೂ ಡಿಫರೆನ್ಷಿಯಲ್‌ನ ಹಲ್ಲುಚಕ್ರಗಳಾದ ಕ್ರೌನ್-ಪಿನಿಯನ್ನಿಗೂ ಒಳ್ಳೆಯದೇ.

ನಡುವಿನದರಲ್ಲೂ ಟರ್ಬೈನ್ ಹೌಸಿಂಗಿನ ಎ/ಆರ್ ಅಂಕಿ, ಅಂದರೆ ಹೊಗೆ ಹೋಗುವ ದಾರಿ ಎಷ್ಟು ಅಗಲ ಎಂದು ಸೂಚಿಸುವ ಅನುಪಾತ ನೋಡಿ. ಅಂಕಿ ಕಡಿಮೆಯಾದಷ್ಟೂ ಬೂಸ್ಟ್ ಬೇಗ ಬರುತ್ತದೆ, ಮೇಲೆ ಬೇಗ ಉಸಿರು ಕಟ್ಟುತ್ತದೆ. ಆಯ್ಕೆ ಸರಿಯಾಗಿದೆಯೇ ಎಂದು ತಿಳಿಯಲು ಒಂದೇ ಅಳತೆ ಸಾಕು: ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ಒಂದು ಮೀಟರ್ ತಾಮ್ರದ ಸಣ್ಣ ಕೊಳವೆ ತಂದು ಪ್ರೆಶರ್ ಗೇಜ್ ಕಟ್ಟಿ. ಪೂರ್ತಿ ಲೋಡಿನಲ್ಲಿ 3000 ಆರ್‌ಪಿಎಂ ಹತ್ತಿರ ಆ ಒತ್ತಡ ಬೂಸ್ಟಿನ ಒಂದೂವರೆ ಪಟ್ಟಿನೊಳಗಿರಬೇಕು. 0.7 ಬೂಸ್ಟಿಗೆ 1.05 ಬಾರ್. ಅದಕ್ಕಿಂತ ಹೆಚ್ಚು ತೋರಿಸಿದರೆ ಮೊದಲು ಸೈಲೆನ್ಸರ್ ಪೈಪನ್ನು ಅನುಮಾನಿಸಿ, ಆಮೇಲೆ ಹೌಸಿಂಗನ್ನು.

ಇಂಟರ್‌ಕೂಲರ್ ಬೇಕೇ?

ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಹೊರಗೆ 30 ಡಿಗ್ರಿ ಇದ್ದಾಗ, ಶೇ. 68ರ ದಕ್ಷತೆಯ ಕಂಪ್ರೆಸರ್ 0.7 ಬಾರ್ ಬೂಸ್ಟಿನಲ್ಲಿ ಗಾಳಿಯನ್ನು ಸುಮಾರು 103 ಡಿಗ್ರಿಗೆ ಏರಿಸುತ್ತದೆ, 1 ಬಾರ್‌ನಲ್ಲಿ 128ಕ್ಕೆ. ಬಿಸಿ ಗಾಳಿ ಹಿಗ್ಗಿರುವುದರಿಂದ 0.7 ಬಾರ್ ಒತ್ತಿದರೂ ನಿಜವಾಗಿ ಹೆಚ್ಚುವ ಗಾಳಿ ಶೇ. 37 ಮಾತ್ರ. ಇಂಟರ್‌ಕೂಲರಿನಲ್ಲಿ ಅದನ್ನು 55 ಡಿಗ್ರಿಗೆ ಇಳಿಸಿದರೆ, ಕೂಲರ್ ಒಳಗಿನ 0.05 ಬಾರ್ ನಷ್ಟ ಕಳೆದೂ, ಶೇ. 50ರಷ್ಟು ಹೆಚ್ಚು ಗಾಳಿ ಸಿಗುತ್ತದೆ. ಇಂಟರ್‌ಕೂಲರ್ ಇಲ್ಲದೆ ಅಷ್ಟೇ ಗಾಳಿ ತುಂಬಲು ಬೂಸ್ಟನ್ನು 1 ಬಾರ್‌ಗೆ ಏರಿಸಬೇಕು, ಸಿಲಿಂಡರಿನೊಳಗಿನ ಒತ್ತಡವೂ ಬಿಸಿಯೂ ಎರಡೂ ಏರುತ್ತವೆ.

210 ಎನ್‌ಎಂ ಗುರಿ ಇದ್ದರೆ ಇಂಟರ್‌ಕೂಲರ್ ಬೇಕೇ ಬೇಕು. ಬೇಡವೆಂದಾದರೆ ಬೂಸ್ಟನ್ನು 0.5 ಬಾರ್‌ಗೆ, ಟಾರ್ಕನ್ನು 185ಕ್ಕೆ ನಿಲ್ಲಿಸಿ. ಗಾಳಿಯಿಂದ ತಣಿಯುವ ಸಾದಾ ಇಂಟರ್‌ಕೂಲರ್ ಸಾಕು, ರೇಡಿಯೇಟರಿನ ಮುಂದೆ ಕೂರಿಸಿ, 50 ಮಿ.ಮೀ. ಪೈಪು, ತಿರುವು ಕಡಿಮೆ. ರೇಡಿಯೇಟರಿನ ಮುಂದೆ ಬಂದ ಮೇಲೆ ನೀರಿನ ಬಿಸಿ ಏರುವ ಸಂಭವ ಇರುವುದರಿಂದ ಫ್ಯಾನ್ ಕೌಲ್ ಒಡೆದಿದ್ದರೆ, ರೇಡಿಯೇಟರ್ ಕಟ್ಟಿದ್ದರೆ ಮೊದಲು ಅದನ್ನು ಸರಿಮಾಡಿ.

ಡೀಸೆಲ್ ಎಷ್ಟು ಬಿಡಬೇಕು

ಟರ್ಬೊ ತರುವುದು ಗಾಳಿ. ಟಾರ್ಕ್ ಬರುವುದು ಅದರ ಜೊತೆ ಸೇರಿಸಿದ ಡೀಸೆಲ್‌ನಿಂದ. ಪಂಪ್ ಮುಟ್ಟದೆ ಟರ್ಬೊ ಮಾತ್ರ ಕೂರಿಸಿದರೆ 0.3–0.4 ಬಾರ್ ಬರಬಹುದು, ಹೊಗೆ ಕಡಿಮೆಯಾಗುತ್ತದೆ, ಎಕ್ಸಾಸ್ಟ್ ಬಿಸಿ ಇಳಿಯುತ್ತದೆ, ಎತ್ತರದ ಜಾಗದಲ್ಲಿ ಎಳೆತ ಕುಗ್ಗುವುದಿಲ್ಲ. ಹೆಚ್ಚು ಓಡಿದ, ಆದರೆ ಕಂಪ್ರೆಷನ್ ಚೆನ್ನಾಗಿರುವ ಎಂಜಿನ್‌ಗೆ ಇಷ್ಟೇ ಮಾಡಿ ನಿಲ್ಲಿಸುವುದು ಬಹಳ ಒಳ್ಳೆಯ ಆಯ್ಕೆ. ಇದನ್ನು ಯಾರೂ ಮಾರುವುದಿಲ್ಲ, ಹಾಗಾಗಿ ಯಾರೂ ಹೇಳುವುದೂ ಇಲ್ಲ.

210 ಎನ್‌ಎಂಗೆ ಡೀಸೆಲ್ ಏರಿಸಲೇಬೇಕು. ಟರ್ಬೊ ಇಲ್ಲದಾಗ ಪೂರ್ತಿ ಲೋಡಿನಲ್ಲಿ ಒಂದು ಕಿಲೊ ಡೀಸೆಲ್‌ಗೆ ಸುಮಾರು 19 ಕಿಲೊ ಗಾಳಿ ಇರುತ್ತಿತ್ತು, ಅದು ಹೊಗೆಯ ಅಂಚು. 0.7 ಬಾರ್, ಇಂಟರ್‌ಕೂಲರ್, 1800ರಲ್ಲಿ 210 ಎನ್‌ಎಂ ಅಂದರೆ ಲೆಕ್ಕ 22ರ ಹತ್ತಿರ ಬರುತ್ತದೆ: ಟಾರ್ಕ್ ಶೇ. 40 ಏರಿದರೂ ಮಸಿ ಕಡಿಮೆ. ಇಂಟರ್‌ಕೂಲರ್ ಇಲ್ಲದೆ ಅದೇ 210 ಎಳೆದರೆ ಮತ್ತೆ 19–20ಕ್ಕೆ ಬಂದು ನಿಲ್ಲುತ್ತದೆ, ಅದೂ ಬಿಸಿ ಗಾಳಿಯಲ್ಲಿ.

ಟರ್ಬೊ ಇಲ್ಲದ ಎಂಜಿನ್‌ನ ಪಂಪಿನಲ್ಲಿ ಸಾಮಾನ್ಯವಾಗಿ ಅನೆರಾಯ್ಡ್ ಇರುವುದಿಲ್ಲ, ಅಂದರೆ ಬೂಸ್ಟ್ ಬಂದಾಗ ಮಾತ್ರ ಹೆಚ್ಚು ಡೀಸೆಲ್ ಬಿಡುವ ಡಯಾಫ್ರಮ್ ಡಬ್ಬಿ. ಫುಲ್ ಲೋಡ್ ಸ್ಕ್ರೂ ತಿರುಗಿಸಿದರೆ ಬೂಸ್ಟ್ ಇಲ್ಲದ 1200ರಲ್ಲೂ ಅಷ್ಟೇ ಡೀಸೆಲ್ ಬೀಳುತ್ತದೆ, ಹೊರಡುವಾಗ ಕಪ್ಪು ಹೊಗೆ. ದೊಡ್ಡ ಟರ್ಬೊ ಹಾಕಿದಷ್ಟೂ ಈ ಕಪ್ಪು ಹೊಗೆಯ ಅವಧಿ ಉದ್ದ. ಅನೆರಾಯ್ಡ್ ಇರುವ ಪಂಪ್ ಹುಡುಕಿ, ಪಂಪ್ ಅಂಗಡಿಯ ಟೆಸ್ಟ್ ಬೆಂಚಿನ ಮೇಲೆ ಕ್ಯಾಲಿಬ್ರೇಷನ್ ಮಾಡಿಸಿ: ಬೂಸ್ಟ್ ಶೂನ್ಯದಲ್ಲಿ ಹಳೆಯ ಡೆಲಿವರಿಯೇ ಇರಲಿ, 0.6 ಬಾರ್ ಹೊತ್ತಿಗೆ ಶೇ. 30ರಿಂದ 35 ಹೆಚ್ಚು. ನಾಲ್ಕೂ ಸಾಲುಗಳ ಡೆಲಿವರಿ ಒಂದೇ ಸಮ ಇರಬೇಕು. ಅನೆರಾಯ್ಡ್ ಸಿಗದಿದ್ದರೆ ಚಿಕ್ಕ ಟರ್ಬೊ ಅಥವಾ ಪಂಪ್ ಮುಟ್ಟದ ಆಯ್ಕೆ, ಎರಡರಲ್ಲಿ ಒಂದು.

ರೋಟರಿ ಪಂಪಿನ ಸ್ಕ್ರೂ ಬಹಳ ಸೂಕ್ಷ್ಮ. ಎಂಟನೇ ಒಂದು ಸುತ್ತಿಗಿಂತ ಹೆಚ್ಚು ಒಮ್ಮೆಗೆ ತಿರುಗಿಸಬೇಡಿ. ಅದರ ಜೊತೆ ಐಡ್ಲಿಂಗೂ ಏರುತ್ತದೆ, ಅದನ್ನು ಬೇರೆ ಸ್ಕ್ರೂನಲ್ಲಿ ಇಳಿಸಿ. ಪ್ರತಿ ಸಲವೂ ಲೋಡ್ ಹಾಕಿ ಒಂದೇ ಏರಿನಲ್ಲಿ ಓಡಿಸಿ ಎಕ್ಸಾಸ್ಟ್ ಬಿಸಿ ನೋಡಬೇಕು. ಕೆ ಮಾದರಿಯ ಥರ್ಮೋಕಪಲ್ ಅನ್ನು ಟರ್ಬೈನಿಗಿಂತ ಮುಂಚೆ, ಮ್ಯಾನಿಫೋಲ್ಡಿನಲ್ಲಿ ನಾಲ್ಕೂ ಸಿಲಿಂಡರಿನ ಹೊಗೆ ಸೇರುವಲ್ಲಿ ಕೂರಿಸಿ. ನಿರಂತರ ಏರಿನಲ್ಲಿ 700 ಡಿಗ್ರಿ ದಾಟಬಾರದು, ಕ್ಷಣಕಾಲ 750 ತಾಳಿಕೊಳ್ಳಬಹುದು. ಟರ್ಬೊದ ಆಚೆ ಕೂರಿಸಿದ ಗೇಜ್ ನೂರಕ್ಕೂ ಹೆಚ್ಚು ಡಿಗ್ರಿ ಕಡಿಮೆ ತೋರಿಸುತ್ತದೆ, ಅದನ್ನು ನಂಬಿ ಪಿಸ್ಟನ್ ತಲೆ ಕರಗಿಸಿಕೊಂಡವರಿದ್ದಾರೆ. ಟೈಮಿಂಗ್ ಒಂದೆರಡು ಡಿಗ್ರಿ ಹಿಂದಕ್ಕೆ ಸರಿಸಿದರೆ ಸಿಲಿಂಡರ್ ಒತ್ತಡ ಇಳಿಯುತ್ತದೆ, ಆದರೆ ಎಕ್ಸಾಸ್ಟ್ ಬಿಸಿ ಏರುತ್ತದೆ. ಮೊದಲು ಡೀಸೆಲ್ ಕಡಿಮೆ ಮಾಡಿ ನೋಡಿ, ಟೈಮಿಂಗಿಗೆ ಕೊನೆಗೆ ಕೈಹಾಕಿ.

ಎಂಜಿನ್ ಎಲ್ಲಿವರೆಗೆ ತಾಳುತ್ತದೆ

ಬೇರೆ ಬೇರೆ ಗಾತ್ರದ ಎಂಜಿನ್‌ಗಳ ಮೇಲಿನ ಹೊರೆಯನ್ನು ಒಂದೇ ಅಳತೆಯಲ್ಲಿ ನೋಡಲು ಬಿಎಂಇಪಿ (ಪಿಸ್ಟನ್ ಮೇಲಿನ ಸರಾಸರಿ ಪರಿಣಾಮಕಾರಿ ಒತ್ತಡ) ಲೆಕ್ಕ ಇದೆ: ಟಾರ್ಕನ್ನು 0.1257ರಿಂದ ಗುಣಿಸಿ ಲೀಟರಿನಿಂದ ಭಾಗಿಸಿದರೆ ಬಾರ್. ನಮ್ಮ 150 ಎನ್‌ಎಂ ಅಂದರೆ 7.5 ಬಾರ್. 210 ಅಂದರೆ 10.6. 240 ಅಂದರೆ 12. ಟರ್ಬೊಗೆಂದು ಮಾಡದ ಬ್ಲಾಕಿನಲ್ಲಿ 12 ದಾಟಬೇಡಿ, 10.5ರ ಆಸುಪಾಸಿನಲ್ಲಿ ನಿಲ್ಲಿಸಿದರೆ ಬಾಳಿಕೆ ಬರುತ್ತದೆ. ಕಾರ್ಖಾನೆಯ ಟರ್ಬೊ ಎಂಜಿನ್‌ಗಳು ಇನ್ನೂ ಮೇಲೆ ಹೋಗುತ್ತವೆ, ಏಕೆಂದರೆ ಪಿಸ್ಟನ್ ಕೆಳಗೆ ಆಯಿಲ್ ಜೆಟ್, ಮೊದಲ ರಿಂಗ್ ಕೂರುವ ಗ್ರೂವಿಗೆ ಗಟ್ಟಿ ಲೋಹದ ತೊಡಿಗೆ, ಆಯಿಲ್ ಕೂಲರ್, ಹೆಚ್ಚು ಹರಿವಿನ ಆಯಿಲ್ ಪಂಪ್, ಪದರದ ಉಕ್ಕಿನ ಹೆಡ್ ಗ್ಯಾಸ್ಕೆಟ್ ಇವೆಲ್ಲ ಅವುಗಳಲ್ಲಿ ಇರುತ್ತವೆ. ಪ್ರೀ-ಚೇಂಬರ್ ಇರುವ ಹಳೆಯ ಇನ್‌ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ನಿಮ್ಮದಾಗಿದ್ದರೆ ಬೂಸ್ಟ್ 0.5ಕ್ಕೇ ನಿಲ್ಲಿಸಿ. ಅವುಗಳ ಕಂಪ್ರೆಷನ್ 21–22ರಷ್ಟಿದ್ದು, ಬಿಸಿಯ ದೊಡ್ಡ ಪಾಲು ಹೆಡ್ಡಿಗೇ ಹೋಗಿ ವಾಲ್ವ್‌ಗಳ ನಡುವೆ ಬಿರುಕು ಬಿಡುತ್ತದೆ. ದಪ್ಪ ಗ್ಯಾಸ್ಕೆಟ್ ಹಾಕಿ ಕಂಪ್ರೆಷನ್ ಇಳಿಸುವ ಉಪಾಯ ಬೇಡ. ಉರಿಯುವಿಕೆ ಕೆಡುತ್ತದೆ, ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಆಗುವುದಿಲ್ಲ.

ಹೆಚ್ಚಿನ ಟಾರ್ಕ್ ಮೊದಲು ತಿನ್ನುವುದು ಕ್ಲಚ್ಚನ್ನು. ಕಂಪನಿ ಕ್ಲಚ್ಚಿನಲ್ಲಿ ಎಂಜಿನ್ ಟಾರ್ಕಿನ 1.3ರಿಂದ 1.5 ಪಟ್ಟು ಸಾಮರ್ಥ್ಯ ಇಟ್ಟಿರುತ್ತಾರೆ. 150ರ 1.4 ಪಟ್ಟು ಅಂದರೆ 210: ನಮ್ಮ ಗುರಿಗೆ ಬಂದಾಗ ಉಳಿಕೆ ಸೊನ್ನೆ. ಪ್ಲೇಟ್ ಒಂದನ್ನೇ ಬದಲಿಸಿ ಉಪಯೋಗವಿಲ್ಲ. ಹೆಚ್ಚು ಒತ್ತುವ ಪ್ರೆಶರ್ ಪ್ಲೇಟ್ ಸಮೇತ ಮುಂದಿನ ಅಳತೆಯ ಸೆಟ್ಟು ಹಾಕಿ. ಮೊದಲ ಗೇರ್ ಅನುಪಾತ 4, ಡಿಫರೆನ್ಷಿಯಲ್ 4.5 ಇದ್ದರೆ 210 ಎನ್‌ಎಂ ಆಕ್ಸಲ್ ತಲುಪುವಾಗ 3780 ಎನ್‌ಎಂ. ಚಿಕ್ಕ ಟರ್ಬೊ ಇದನ್ನು 1400ರಲ್ಲೇ ಕೊಡುವುದರಿಂದ ಓವರ್‌ಲೋಡ್ ಗಾಡಿ ಗುಂಡಿಯಿಂದ ಏಳುವಾಗ ಕ್ರೌನ್-ಪಿನಿಯನ್ ಹಲ್ಲು ಮುರಿಯುತ್ತದೆ. ನಡುವಿನ ಟರ್ಬೊ ಆ ಕ್ಷಣದಲ್ಲಿ 165ರಲ್ಲೇ ಇರುತ್ತದೆ.

ಕೂರಿಸುವಾಗ

ಕೆಲಸ ಶುರುಮಾಡುವ ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ. ಸಿಲಿಂಡರ್‌ಗಳ ನಡುವೆ 3 ಬಾರ್‌ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ, ಆಯಿಲ್ ಮುಚ್ಚಳ ತೆಗೆದಾಗ ಹೊಗೆ ನೂಕಿ ಬರುತ್ತಿದ್ದರೆ ಮೊದಲು ಬೋರ್-ಪಿಸ್ಟನ್ ಕೆಲಸ.

ಟರ್ಬೊಗಳು ಸಾಯುವುದು ಹೆಚ್ಚಾಗಿ ಆಯಿಲ್ ವಿಷಯದಲ್ಲಿ. ಫೀಡ್ ಪೈಪನ್ನು ಫಿಲ್ಟರ್ ದಾಟಿದ ಮೇನ್ ಗ್ಯಾಲರಿಯಿಂದಲೇ ತೆಗೆಯಿರಿ. ರಿಟರ್ನ್ ಪೈಪು ಒಳಗಡೆ 16 ಮಿ.ಮೀ.ಗಿಂತ ಕಿರಿದಾಗಬಾರದು, ಎಲ್ಲೂ ಮೇಲಕ್ಕೆ ಬಾಗದೆ ನೇರ ಕೆಳಕ್ಕೆ ಇಳಿದು, ಸಂಪಿನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಆಯಿಲ್ ಮಟ್ಟದ ಕೆಳಗೆ ಸೇರಿಸಿದರೆ ಟರ್ಬೊದೊಳಗೆ ಆಯಿಲ್ ನಿಂತು ಸೀಲ್ ದಾಟಿ ಇಂಟರ್‌ಕೂಲರ್ ಸೇರುತ್ತದೆ, ನೀಲಿ ಹೊಗೆ ಬರುತ್ತದೆ, ಒಳ್ಳೆಯ ಟರ್ಬೊವನ್ನೇ ಕೆಟ್ಟಿದೆ ಎಂದು ಬಿಚ್ಚುತ್ತಾರೆ. ಗ್ಯಾಸ್ಕೆಟ್ ಪೇಸ್ಟ್ ಫೀಡ್ ಪೈಪಿನ ಹತ್ತಿರ ಬಳಸಲೇಬೇಡಿ, ತುಣುಕೊಂದು ರಂಧ್ರಕ್ಕೆ ಸಿಕ್ಕಿದರೆ ಬೇರಿಂಗ್ ಉರಿದುಹೋಗುತ್ತದೆ. ಮೊದಲ ಸಲ ಸ್ಟಾರ್ಟ್ ಮಾಡುವ ಮುನ್ನ ಡೀಸೆಲ್ ನಿಲ್ಲಿಸಿ, ರಿಟರ್ನ್‌ನಲ್ಲಿ ಆಯಿಲ್ ಕಾಣುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಆಯಿಲ್ ಬದಲಿಯನ್ನು 5000 ಕಿಲೊಮೀಟರಿಗೆ ತನ್ನಿ, ಘಾಟಿ ಹತ್ತಿ ನಿಲ್ಲಿಸುವಾಗ ಎರಡು ನಿಮಿಷ ಐಡ್ಲಿಂಗ್ ಬಿಡಿ.

ಬೂಸ್ಟ್ ಗೇಜ್ ಒಂದನ್ನು ಶಾಶ್ವತವಾಗಿ ಡ್ಯಾಶ್‌ಬೋರ್ಡಿನಲ್ಲಿ ಇಡಿ. ದಿನವೂ 0.7 ತೋರಿಸುತ್ತಿದ್ದದ್ದು 0.5ಕ್ಕೆ ಇಳಿದು ಹೊಗೆ ಹೆಚ್ಚಾಗಿದ್ದರೆ ಹೋಸ್ ಕ್ಲ್ಯಾಂಪ್ ಸಡಿಲ ಅಥವಾ ಇಂಟರ್‌ಕೂಲರ್ ಒಡಕು. 0.7 ಇದ್ದದ್ದು 0.9 ಆದರೆ ವೇಸ್ಟ್‌ಗೇಟ್ ಹಿಡಿದಿದೆ ಅಥವಾ ಅದರ ರಬ್ಬರ್ ಪೈಪು ಕಳಚಿದೆ. ಗಾಡಿ ಆಗಲೇ ನಿಲ್ಲಿಸಿ ನೋಡಿ.

ಟರ್ಬೊ ಹಾಕದ ದಾರಿಗಳು ಮತ್ತು ಕಾನೂನು

ತೊಂದರೆ ಏರಿನದಷ್ಟೇ ಆಗಿದ್ದರೆ ಡಿಫರೆನ್ಷಿಯಲ್ ಅನುಪಾತ ಬದಲಿಸಿ ನೋಡಿ. 4.1ರ ಬದಲು ಅದೇ ಮಾದರಿಗೆ ಬರುವ 4.56 ಹಾಕಿದರೆ ಚಕ್ರದ ಬಲ ಶೇ. 11 ಏರುತ್ತದೆ. ಎಂಜಿನ್ ಮೇಲೆ ಹೊಸ ಹೊರೆ ಇಲ್ಲ. ಕಳೆದುಕೊಳ್ಳುವುದು ಟಾಪ್ ಗೇರಿನ ವೇಗದಲ್ಲಿ ಹತ್ತಿರ ಹತ್ತಿರ ಶೇ. 10. ಸ್ಪೀಡೊಮೀಟರ್ ಗೇರ್ ಸಹ ಬದಲಿಸಬೇಕಾದೀತು.

ರಸ್ತೆಯ ಮೇಲೆ ಓಡುವ ಗಾಡಿಗೆ ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲತಃ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು, ಅಥವಾ ಎರಡೂ ಆಗಬಹುದು. ಅಪಘಾತವಾದಾಗ ವಿಮೆಯವರೂ ಇದನ್ನೇ ಎತ್ತಿ ತೋರಿಸಬಹುದು. ಆದ್ದರಿಂದ ಯಾವುದೇ ಭಾಗ ಕೊಳ್ಳುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ನಿಮ್ಮ ಮಾದರಿಗೇ ಕಂಪನಿಯವರು ಟರ್ಬೊ ಎಂಜಿನ್ ಕೊಟ್ಟಿದ್ದರೆ, ಪೂರ್ವಾನುಮತಿ ಪಡೆದು ಆ ಎಂಜಿನ್ನನ್ನೇ ಪೂರ್ತಿಯಾಗಿ ಹಾಕಿಸಿ ಆರ್‌ಸಿಯಲ್ಲಿ ಎಂಜಿನ್ ನಂಬರ್ ತಿದ್ದಿಸುವುದು ಎಲ್ಲಕ್ಕಿಂತ ಸುರಕ್ಷಿತ. ಪಿಸ್ಟನ್ ಜೆಟ್, ಅನೆರಾಯ್ಡ್ ಪಂಪ್, ಸರಿಯಾದ ಟರ್ಬೊ ಎಲ್ಲ ಅದರಲ್ಲೇ ಬರುತ್ತವೆ. ಅದರ ಜೊತೆ ಅದೇ ಎಂಜಿನ್‌ನ ಕ್ಲಚ್ ಸೆಟ್ಟು, ರೇಡಿಯೇಟರ್ ಮತ್ತು ಇಂಟರ್‌ಕೂಲರನ್ನೂ ತೆಗೆದುಕೊಳ್ಳಿ. ಗೇರ್‌ಬಾಕ್ಸ್ ಸಹ ಅದರದ್ದೇ ಸಿಕ್ಕರೆ ಬೆಲ್ ಹೌಸಿಂಗ್ ಹೊಂದಿಸುವ ಲೇತ್ ಕೆಲಸವೂ ಉಳಿಯುತ್ತದೆ.